ಕೊಟ್ಟಿಗೆ ಬರಿದು ಮಾಡಿಸುವ ಮಕ್ಕಳಿಗೆ

ಊರಿನಲ್ಲಿರುವ ತಂದೆತಾಯಿಗೆ ಅರುವತ್ತು ದಾಟಿತೆಂದರೆ ಮುಂಬಯಿಯಲ್ಲಿರುವ ನಮ್ಮವರು ಹೊರಡಿಸುವ ಅಪ್ಪಣೆ ಒಂದೇ: “ಆ ಹಸು ಮಾರಿಬಿಡಿ. ತಿಂಗಳು ತಿಂಗಳು ಹಣ ಕಳಿಸುತ್ತೇವೆ. ಇನ್ನಾದರೂ ಸುಖವಾಗಿರಿ.” ಈ ಮಾತಿನಲ್ಲಿ ಪ್ರೀತಿಯಿಲ್ಲವೆಂದು ನಾನು ಹೇಳಲಾರೆ. ವಿವೇಕವಂತೂ ಇಲ್ಲ. ಮೇ ರಜೆಯಲ್ಲಿ ಊರಿಗೆ ಹೋಗಿ ಗಟ್ಟಿ ಮೊಸರನ್ನು ಚಪ್ಪರಿಸುವವರೂ ಇವರೇ ಎಂಬುದು ಬೇರೆ ಮಾತು!

ಸುಖವೆಂದರೆ ಕೈಕಟ್ಟಿ ಕೂರುವುದೆಂದು ಇವರಿಗೆ ಹೇಳಿಕೊಟ್ಟವರಾರು? ನಾವು ಗುಮಾಸ್ತರು ನಿವೃತ್ತಿಯ ದಿನ ಎಣಿಸುತ್ತೇವೆ, ನಿಜ. ನಮ್ಮ ಫೈಲು ನಮಗಾಗಿ ಕಾಯುವುದಿಲ್ಲ. ನಾಳೆ ಇನ್ನೊಬ್ಬ ಬಂದು ಬಿಚ್ಚುತ್ತಾನೆ. ಹಸು ಹಾಗಲ್ಲ. ಪಳಗಿದ ಕೈ ಬಾರದಿದ್ದರೆ ಸೊರೆಬಿಡಲೂ ಒಪ್ಪದು. ಕ್ಯಾನು ಹಿಡಿದು ಡೈರಿಗೆ ಹೋದ ಹಿರಿಯರು ದಿನಕ್ಕೆರಡು ಬಾರಿ ನಾಲ್ಕು ಜನರ ಮುಖ ನೋಡುತ್ತಾರೆ. ಹಾಲಿನ ಹಣ ಅವರದೇ ಖಾತೆಗೆ ಬರುತ್ತದೆ; ಮೊಮ್ಮಗಳ ಕೈಗೆ ನೂರು ರೂಪಾಯಿ ಇಡಲು ಮಗನ ಮುಖ ನೋಡಬೇಕಾಗಿಲ್ಲ. ಈ ಮರ್ಯಾದೆಯನ್ನು ನಾವು ಕಳಿಸುವ ಹಣ ತಂದುಕೊಡದು.

“ವಯಸ್ಸಾದವರಿಗೆ ಶ್ರಮವಲ್ಲವೇ?” ಎಂಬ ಆಕ್ಷೇಪವುಂಟು. ಶ್ರಮವೇ. ಆದರೆ ದುಡಿಸದ ಸ್ನಾಯು ಸೊರಗುತ್ತದೆ, ಮುಪ್ಪಿನಲ್ಲಿ ಇನ್ನೂ ಬೇಗ ಸೊರಗುತ್ತದೆ ಎಂಬುದೂ ವಿಜ್ಞಾನವೇ. ಕಷ್ಟ ಇರುವುದು ಹಸುವಿನಲ್ಲಲ್ಲ, ನೀರು ಹೊರುವುದರಲ್ಲಿ, ಹುಲ್ಲು ತರುವುದರಲ್ಲಿ, ಜಾರುವ ನೆಲದಲ್ಲಿ. ಹಾಲು ಕೊಡುವ ಮಿಶ್ರತಳಿಯ ಹಸು ಬೇಸಿಗೆಯಲ್ಲಿ ದಿನಕ್ಕೆ 60 ಲೀಟರಿಗೂ ಮಿಕ್ಕಿ ನೀರು ಕುಡಿಯಬಲ್ಲದು. ಹಾಗಾದರೆ ಕೊಟ್ಟಿಗೆಗೊಂದು ನಲ್ಲಿ ಹಾಕಿಸಿರಿ. ನೆಲಕ್ಕೆ ರಬ್ಬರು ಹಾಸು ಹಾಸಿರಿ. ಹುಲ್ಲು ತರುವ ಆಳಿನ ಕೂಲಿ ನೀವು ಕೊಡಿರಿ. ಕಳಿಸುವ ಹಣ ಅದಕ್ಕಾಗಲಿ!

ನಾಲ್ಕು ಹಸುಗಳಿದ್ದರೆ ಒಂದು ಉಳಿಯಲಿ. ದೊಡ್ಡ ದನ ಆಗದಿದ್ದರೆ ನಮ್ಮ ಕಡೆಯ ಮಲೆನಾಡು ಗಿಡ್ಡ ಇದೆ. ಹಾಲು ಕಡಿಮೆ, ಮೇವೂ ಕಡಿಮೆ. ಅದೂ ಬೇಡವೆಂದರೆ ಎರಡು ಆಡು, ನಾಲ್ಕು ಕೋಳಿ. 2022ರಲ್ಲಿ ಚರ್ಮಗಂಟು ರೋಗ ಕರ್ನಾಟಕದಲ್ಲಿ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡಾಗ ಹಟ್ಟಿಯಲ್ಲಿ ಕಣ್ಣೀರಿಟ್ಟವರು ಹಿರಿಯರೇ. ಆ ದುಃಖವೂ ಉಂಟು, ಮುಚ್ಚಿಡುವುದೇಕೆ? ಲಸಿಕೆ ಹಾಕಿಸುವ, ಪಶುವೈದ್ಯರ ಸಹಾಯವಾಣಿ 1962ಕ್ಕೆ ಕರೆ ಮಾಡಿಸುವ ಹೊಣೆಯನ್ನು ಇಲ್ಲಿಂದಲೇ ನಾವು ಹೊರಬಹುದು.

ಕೈಲಾಗದೆ ಅವರಾಗಿಯೇ “ಇನ್ನು ಸಾಕು” ಎಂದರೆ ಮರುಮಾತಿಲ್ಲದೆ ಒಪ್ಪಬೇಕು. ಆದರೆ ಆ ಮಾತು ಅವರ ಬಾಯಿಂದ ಬರಲಿ. ನಮ್ಮ ನಿಶ್ಚಿಂತೆಗಾಗಿ ಅವರ ಹಗ್ಗ ಬಿಚ್ಚಿಸುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.