ನಿರ್ವಹಣೆಗೊಂದು ಪಂಚಾಂಗ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ, ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ರಭಸದಿಂದ ಹರಿಯುತ್ತಿದ್ದ ನೀರಿನ ನಡುವೆಯೇ ತಾತ್ಕಾಲಿಕ ಗೇಟನ್ನು ಇಳಿಸಿದ ತಂತ್ರಜ್ಞರು ಹಾಗೂ ಕಾರ್ಮಿಕರ ಸಾಹಸವನ್ನು ನಾಡು ಕೊಂಡಾಡಿತು. ಅದು ಕೊಂಡಾಡಬೇಕಾದದ್ದೇ. ಆದರೆ ದಿನಾಂಕ ನೋಡಿಕೊಂಡು, ಸವೆದ ಭಾಗವನ್ನು ಮುರಿಯುವ ಮುನ್ನವೇ ಬದಲಿಸುವ ಎಂಜಿನಿಯರನಿಗೆ ಯಾರೂ ಹಾರ ಹಾಕುವುದಿಲ್ಲ. ನಡೆಯದೇ ಹೋದ ಅವಘಡ ಸುದ್ದಿಯಾಗುವುದಿಲ್ಲ. ನಿರ್ವಹಣೆ ಎಂಬ ಕೆಲಸದ ಮೂಲಭೂತ ದೌರ್ಬಲ್ಯ ಇರುವುದು ಇಲ್ಲಿಯೇ.

ಅಣೆಕಟ್ಟೆಗೆ ಅನ್ವಯಿಸುವ ಈ ಮಾತು ನಾವು ವಾಸಿಸುವ ಕಟ್ಟಡಗಳಿಗೂ ಅನ್ವಯಿಸುತ್ತದೆ. ಬೆಂಗಳೂರಿನ ಮಧ್ಯಮ ವರ್ಗದ ದೊಡ್ಡದೊಂದು ಭಾಗ ಇಂದು ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ನೆಲೆಸಿದೆ. ಲಿಫ್ಟ್, ಜನರೇಟರ್, ನೀರಿನ ತೊಟ್ಟಿ, ಕೊಳಚೆ ನೀರು ಶುದ್ಧೀಕರಣ ಘಟಕ, ಅಗ್ನಿಶಾಮಕ ಕೊಳವೆ ಇವೆಲ್ಲ ಸೇರಿ ಪ್ರತಿ ಸಮುಚ್ಚಯವೂ ಒಂದು ಪುಟ್ಟ ಪುರಸಭೆಯೇ ಆಗಿದೆ. ಅದನ್ನು ನಡೆಸುವವರು ಮಾತ್ರ ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರು. ಅವರ ನೆರವಿಗೆಂದು ಅಡ್ಡಾ, ಮೈಗೇಟ್, ನೋಬ್ರೋಕರ್‌ಹುಡ್‌ಗಳಂಥ ತಂತ್ರಾಂಶಗಳು ಬೆಂಗಳೂರಿನಲ್ಲಿಯೇ ಹುಟ್ಟಿವೆ. ಆಸ್ತಿ ನಿರ್ವಹಣೆಯ ತಂತ್ರಾಂಶಗಳು ಮಾಡಬಲ್ಲ ಕೆಲಸಗಳಲ್ಲಿ, ಮತ್ತೆ ಮತ್ತೆ ಮಾಡಬೇಕಾದ ನಿರ್ವಹಣೆಗೆ ವೇಳಾಪಟ್ಟಿ ಹಾಕಿ ನೆನಪಿಸುವುದೂ ಒಂದು. ಅತಿಥಿಗಳ ಪ್ರವೇಶಕ್ಕೂ ಮಾಸಿಕ ಶುಲ್ಕದ ವಸೂಲಿಗೂ ಇವುಗಳನ್ನು ಉತ್ಸಾಹದಿಂದ ಬಳಸುವ ಸಂಘಗಳು, ಈ ವೇಳಾಪಟ್ಟಿಯ ಪುಟವನ್ನು ಖಾಲಿ ಬಿಟ್ಟಿರುವುದು ಅಪರೂಪವೇನಲ್ಲ.

ಈ ವ್ಯವಸ್ಥೆಯ ತತ್ತ್ವ ಸರಳವಾದುದು. ಮೊದಲು ಆಸ್ತಿಗಳ ಪಟ್ಟಿ. ಅನಂತರ ಪ್ರತಿಯೊಂದಕ್ಕೂ ಮಾಡಬೇಕಾದ ಕೆಲಸ, ಅದರ ಅವಧಿ, ಹೊಣೆಗಾರ ವ್ಯಕ್ತಿ ಹಾಗೂ ತಗಲುವ ವೆಚ್ಚ. ದಿನ ಬಂದಾಗ ತಂತ್ರಾಂಶ ತಾನಾಗಿ ಎಚ್ಚರಿಸುತ್ತದೆ; ಕೆಲಸ ಆಗದಿದ್ದರೆ ಮೇಲಿನವರಿಗೆ ತಿಳಿಸುತ್ತದೆ. ಆದರೆ ಅವಧಿಯನ್ನು ನಿಗದಿಪಡಿಸುವಲ್ಲಿಯೇ ವಿವೇಚನೆ ಬೇಕು. ಎಲ್ಲ ಕೆಲಸಗಳೂ ತಿಂಗಳ ಲೆಕ್ಕಕ್ಕೆ ಒಗ್ಗುವುದಿಲ್ಲ. ಜನರೇಟರಿನ ಎಣ್ಣೆ ಬದಲಿಸಲು ಅದು ಓಡಿದ ಗಂಟೆಗಳನ್ನೂ ನೋಡಬೇಕು. ತಾರಸಿಯ ನೀರುನಿರೋಧಕ ಪದರ ಮತ್ತು ಮಳೆನೀರಿನ ಕೊಳವೆಗಳ ತಪಾಸಣೆ ಮುಂಗಾರಿಗೆ ಮುನ್ನ ಮುಗಿಯಬೇಕು. ಜುಲೈನಲ್ಲಿ ಮಾಡಿದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. 2012ರ ಕರ್ನಾಟಕ ಲಿಫ್ಟ್ ಕಾಯ್ದೆಯ ಪ್ರಕಾರ ನಡೆಯಬೇಕಾದ ತಪಾಸಣೆಯಂಥವುಗಳನ್ನು ಮುಂದೂಡುವ ಸ್ವಾತಂತ್ರ್ಯ ಸಂಘಕ್ಕೆ ಇಲ್ಲವೇ ಇಲ್ಲ.

ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುವ ಇನ್ನೊಂದು ಅಂಶವಿದೆ. ಮುಂದಿನ ದಿನಾಂಕವನ್ನು ಹಿಂದಿನ ಗಡುವಿನಿಂದ ಎಣಿಸಬೇಕೇ ಅಥವಾ ಕೆಲಸ ಮುಗಿದ ದಿನದಿಂದ ಎಣಿಸಬೇಕೇ? ಮೂರು ತಿಂಗಳಿಗೊಮ್ಮೆ ತೊಟ್ಟಿ ತೊಳೆಯಬೇಕೆಂದು ತೀರ್ಮಾನಿಸಿ, ಪ್ರತಿ ಸಲವೂ 25 ದಿನ ತಡಮಾಡುವ ಸಂಘವನ್ನು ಊಹಿಸಿಕೊಳ್ಳಿ. ಕೆಲಸ ಮುಗಿದ ದಿನದಿಂದ ಎಣಿಸಿದರೆ, ವರ್ಷಕ್ಕೆ ನಾಲ್ಕು ಬಾರಿ ಆಗಬೇಕಾದದ್ದು ಮೂರರ ಆಸುಪಾಸಿಗೆ ಇಳಿಯುತ್ತದೆ. ಹಾಗಿದ್ದರೂ ವರ್ಷಾಂತ್ಯದಲ್ಲಿ ಪಟ್ಟಿಯ ಮೇಲೆ ಎಲ್ಲವೂ 'ಪೂರ್ಣ' ಎಂದೇ ಕಾಣುತ್ತದೆ. ವಿಳಂಬ ಹೀಗೆ ಸದ್ದಿಲ್ಲದೆ ನಿಯಮವಾಗಿಬಿಡುತ್ತದೆ.

ದಿನಾಂಕದ ಹಿಂದೆ ಹಣವಿಲ್ಲದಿದ್ದರೆ ಎಚ್ಚರಿಕೆಯೂ ವ್ಯರ್ಥ. ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 1981ರಲ್ಲಿ ಕಟ್ಟಿದ್ದ ಚಾಂಪ್ಲೇನ್ ಟವರ್ಸ್ ಸೌತ್ ಎಂಬ ಸಮುಚ್ಚಯ 2021ರ ಜೂನ್ 24ರಂದು ಕುಸಿದು 98 ಜನ ಸತ್ತರು. ಈಜುಕೊಳದ ಸುತ್ತಲಿನ ಅಂಗಳದ ಕೆಳಗೆ ನೀರುನಿರೋಧಕ ಪದರ ವಿಫಲವಾಗಿ ಕಾಂಕ್ರೀಟು ಹಾಳಾಗಿದೆ ಎಂದು ಎಂಜಿನಿಯರೊಬ್ಬರು 2018ರಲ್ಲಿಯೇ ವರದಿ ನೀಡಿದ್ದರು. ಯಾರು ಎಷ್ಟು ಕೊಡಬೇಕು ಎಂಬ ಚರ್ಚೆಯಲ್ಲಿ ವರ್ಷಗಳು ಕಳೆದವು. ಸುಮಾರು 1.5 ಕೋಟಿ ಡಾಲರ್ ಸಂಗ್ರಹಿಸಲು ಸಂಘ ಒಪ್ಪಿದ್ದು 2021ರ ಏಪ್ರಿಲ್‌ನಲ್ಲಿ. ಕುಸಿತಕ್ಕೆ ಕೆಲವೇ ವಾರಗಳ ಮುನ್ನ. ಮೂಲ ವಿನ್ಯಾಸದ ಕೊರತೆಗಳೂ ತನಿಖೆಯಲ್ಲಿ ಹೊರಬಂದಿವೆಯಾದ್ದರಿಂದ ಎಲ್ಲ ದೋಷವನ್ನೂ ನಿರ್ವಹಣೆಯ ಮೇಲೆ ಹೊರಿಸಲಾಗದು. ಆದರೆ ಎಚ್ಚರಿಕೆ ಮತ್ತು ಕ್ರಿಯೆಯ ನಡುವಿನ ಅಂತರ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಅಲ್ಲಿನ ಶಾಸಕಾಂಗ ಅರಿತುಕೊಂಡಿತು. ಮೂರು ಹಾಗೂ ಅದಕ್ಕೂ ಹೆಚ್ಚು ಮಹಡಿಗಳ ಇಂಥ ಕಟ್ಟಡಗಳಿಗೆ ಕಾಲಬದ್ಧ ತಪಾಸಣೆಯನ್ನೂ ಅವುಗಳ ರಚನಾತ್ಮಕ ಭಾಗಗಳಿಗಾಗಿ ಮೀಸಲು ನಿಧಿಯನ್ನೂ 2022ರಲ್ಲಿ ಕಡ್ಡಾಯಗೊಳಿಸಿತು.

ಅರ್ಥಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಅಚ್ಚರಿಯೇನಿಲ್ಲ. ಅಲ್ಪಾವಧಿಗೆ ಆಯ್ಕೆಯಾಗುವ ಪದಾಧಿಕಾರಿಗಳಿಗೆ ಮಾಸಿಕ ಶುಲ್ಕ ಏರಿಸದಿರುವುದೇ ಜನಪ್ರಿಯತೆಯ ದಾರಿ. ಮುಂದೂಡಿದ ದುರಸ್ತಿ ವಾಸ್ತವದಲ್ಲಿ ಬಡ್ಡಿ ಬೆಳೆಯುವ ಸಾಲ. ಆದರೆ ಅದು ಯಾವ ಲೆಕ್ಕಪತ್ರದಲ್ಲೂ ನಮೂದಾಗುವುದಿಲ್ಲ. ವಿಶ್ವಬ್ಯಾಂಕಿನ 1994ರ ವಿಶ್ವ ಅಭಿವೃದ್ಧಿ ವರದಿ ಈ ಬಡ್ಡಿಯನ್ನು ಲೆಕ್ಕಹಾಕಿತ್ತು. ಆಫ್ರಿಕದ ಸಹಾರಾ ದಕ್ಷಿಣದ ದೇಶಗಳು ಸಕಾಲದಲ್ಲಿ 1,200 ಕೋಟಿ ಡಾಲರ್ ವೆಚ್ಚಮಾಡಿ ರಸ್ತೆಗಳನ್ನು ನಿರ್ವಹಿಸಿದ್ದರೆ, ಒಂದು ದಶಕದಲ್ಲಿ 4,500 ಕೋಟಿ ಡಾಲರ್‌ಗಳ ಪುನರ್ನಿರ್ಮಾಣದ ಹೊರೆ ತಪ್ಪುತ್ತಿತ್ತು ಎಂದು ಅದು ಹೇಳಿತು. ನಮ್ಮ ಸರ್ಕಾರಿ ಬಜೆಟ್ಟುಗಳೂ ಈ ದೋಷದಿಂದ ಮುಕ್ತವಾಗಿರಲಿಲ್ಲ. ಕೇಂದ್ರ ಬಜೆಟ್ಟಿನಲ್ಲಿ 2017–18ರಲ್ಲಿ ಕೈಬಿಡಲಾದ ಯೋಜನಾ ಮತ್ತು ಯೋಜನೇತರ ಎಂಬ ವಿಂಗಡಣೆಯಡಿ, ಹೊಸ ಕಟ್ಟಡ 'ಅಭಿವೃದ್ಧಿ' ಎನಿಸಿಕೊಳ್ಳುತ್ತಿತ್ತು. ಇದ್ದ ಕಟ್ಟಡದ ದುರಸ್ತಿ ಕತ್ತರಿ ಪ್ರಯೋಗಕ್ಕೆ ಯೋಗ್ಯವಾದ ಯೋಜನೇತರ ವೆಚ್ಚವಾಗುತ್ತಿತ್ತು. ವಿಂಗಡಣೆ ಹೋಗಿದೆ, ಮನೋಭಾವ ಹೋಗಿಲ್ಲ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಹೆಚ್ಚು ವಿವೇಕಿಗಳಾಗಿದ್ದರು. ಕೆರೆ ಕಟ್ಟಿಸಿ ಕೈತೊಳೆದುಕೊಳ್ಳದೆ, ಅದರ ಪೋಷಣೆಗೆಂದು ಬಿತ್ತುವಟ್ಟ, ಕಟ್ಟುಕೊಡಗೆಗಳನ್ನು ಬಿಟ್ಟುಕೊಟ್ಟಿದ್ದಕ್ಕೆ ಕರ್ನಾಟಕದ ಶಾಸನಗಳು ಸಾಕ್ಷಿ ಹೇಳುತ್ತವೆ. ಹೂಳು ಸಾಗಿಸುವ ಬಂಡಿಯ ಖರ್ಚಿಗೂ ದತ್ತಿ ಇರುತ್ತಿತ್ತು. ಕೆಲಸ, ಹೊಣೆಗಾರ, ಆದಾಯದ ಮೂಲ ಈ ಮೂರನ್ನೂ ಒಂದೇ ಕಲ್ಲಿನಲ್ಲಿ ಕಂಡರಿಸಿದ ಆ ವ್ಯವಸ್ಥೆಗಿಂತ ಇಂದಿನ ತಂತ್ರಾಂಶ ತಾತ್ವಿಕವಾಗಿ ಹೆಚ್ಚಿನದೇನನ್ನೂ ಹೇಳುವುದಿಲ್ಲ.

'ಕೆಲಸ ಮುಗಿದಿದೆ' ಎಂಬ ಗುರುತಿಗೆ ಪುರಾವೆ ಏನು ಎಂಬುದು ಮುಂದಿನ ಪ್ರಶ್ನೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಇಲ್ಲಿ ಅನುಕರಣೀಯ. ರಸ್ತೆ ನಿರ್ಮಿಸಿದ ಗುತ್ತಿಗೆದಾರರೇ ಐದು ವರ್ಷ ಅದನ್ನು ನಿರ್ವಹಿಸಬೇಕೆಂಬ ಕರಾರು ಅದರಲ್ಲಿದೆ. ಇ-ಮಾರ್ಗ್ ಎಂಬ ತಂತ್ರಾಂಶದ ಮೂಲಕ, ಸ್ಥಳದ ಗುರುತಿರುವ ಛಾಯಾಚಿತ್ರಗಳೊಂದಿಗೆ ತಪಾಸಣೆ ನಡೆಸಿ, ರಸ್ತೆಯ ಸ್ಥಿತಿಗೆ ಅನುಗುಣವಾಗಿ ಹಣ ಪಾವತಿಸಲಾಗುತ್ತದೆ. ವಸತಿ ಸಂಘಗಳು ವಾರ್ಷಿಕ ನಿರ್ವಹಣಾ ಗುತ್ತಿಗೆಗಳಿಗೆ ಇದೇ ಸೂತ್ರವನ್ನು ಏಕೆ ಅನ್ವಯಿಸಬಾರದು? ಇಂಥ ದಾಖಲೆಗೆ ಕಾನೂನಿನ ಬೆಲೆಯೂ ಇದೆ. 2016ರ ರೇರಾ ಕಾಯ್ದೆಯಂತೆ, ಸ್ವಾಧೀನ ನೀಡಿದ ಐದು ವರ್ಷಗಳೊಳಗೆ ಗಮನಕ್ಕೆ ತಂದ ರಚನಾ ದೋಷಗಳನ್ನು ನಿರ್ಮಾಪಕರು ಶುಲ್ಕವಿಲ್ಲದೆ ಸರಿಪಡಿಸಬೇಕು. ನಿರ್ವಹಣೆಯ ದಾಖಲೆಯೇ ಇಲ್ಲದಿದ್ದರೆ 'ಹಾಳುಮಾಡಿಕೊಂಡವರು ನೀವೇ' ಎಂಬ ವಾದಕ್ಕೆ ಉತ್ತರ ಕೊಡುವುದು ಕಷ್ಟ.

ಎಲ್ಲಕ್ಕಿಂತ ಗಂಭೀರವಾದದ್ದು ಮನುಷ್ಯಜೀವದ ಪ್ರಶ್ನೆ. 'ಕೊಳಚೆ ತೊಟ್ಟಿ ಸ್ವಚ್ಛತೆ' ಎಂದು ತೆರೆಯ ಮೇಲೆ ಮೂಡುವ ಒಂದು ಸಾಲಿನ ಹಿಂದೆ, ಯಾವ ರಕ್ಷಣೆಯೂ ಇಲ್ಲದೆ ವಿಷಾನಿಲದೊಳಕ್ಕೆ ಇಳಿಯುವ ಒಬ್ಬ ಬಡ ಕಾರ್ಮಿಕ ಇರಬಹುದು. ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಚರಂಡಿ ಸಾವುಗಳಿಗೆ ನೀಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ₹30 ಲಕ್ಷಕ್ಕೆ ಏರಿಸಿದೆ. ಹೀಗಿದ್ದೂ ಇಂಥ ಸಾವುಗಳು ನಿಂತಿಲ್ಲ. ಗಡುವು ಮೀರಿತೆಂದು ತಂತ್ರಾಂಶ ಅವಸರಿಸಬಹುದು. ಯಂತ್ರವಿಲ್ಲದೆ, ತರಬೇತಿ ಪಡೆದ ಸಿಬ್ಬಂದಿಯಿಲ್ಲದೆ ಕೆಲಸ ಆರಂಭಿಸಬಾರದು ಎಂಬ ಷರತ್ತನ್ನು ಅದರಲ್ಲಿ ಬರೆಯಬೇಕಾದವರು ನಾವು.

ಈ ಏರ್ಪಾಡಿನಿಂದ ಸಣ್ಣ ಸಂಘಗಳಿಗೆ ಖರ್ಚು ಹೆಚ್ಚುತ್ತದೆ, ಗುತ್ತಿಗೆ ಸಂಸ್ಥೆಗಳು ಬೇಡದ ಸೇವೆಗಳನ್ನೂ ಪಟ್ಟಿಗೆ ತುರುಕುತ್ತವೆ ಎಂಬ ಆಕ್ಷೇಪಗಳಲ್ಲಿ ಹುರುಳಿಲ್ಲದಿಲ್ಲ. ನೂರಾರು ನಮೂದುಗಳ ಪಟ್ಟಿ ಯಾರೂ ಓದದ ಪಟ್ಟಿಯಾಗುತ್ತದೆ. ಹತ್ತು ಹನ್ನೆರಡು ಮನೆಗಳ ಕಟ್ಟಡಕ್ಕೆ ಒಂದು ನೋಟ್‌ಬುಕ್ಕೂ ಸಾಕು. ಜೀವಕ್ಕೆ, ಆರೋಗ್ಯಕ್ಕೆ, ಕಟ್ಟಡದ ಭದ್ರತೆಗೆ ಸಂಬಂಧಿಸಿದ ಕೆಲಸಗಳಿಂದ ಆರಂಭಿಸಿ ಉಳಿದವನ್ನು ಅನಂತರ ಸೇರಿಸಿಕೊಳ್ಳಬಹುದು.

ಆದರೆ ಒಂದು ನಿಯಮ ಎಲ್ಲರಿಗೂ ಅಗತ್ಯ. ವಾರ್ಷಿಕ ಮಹಾಸಭೆಯಲ್ಲಿ ಆಯವ್ಯಯದ ಪಕ್ಕದಲ್ಲಿಯೇ ಬಾಕಿ ಉಳಿದ ಕೆಲಸಗಳ ಪಟ್ಟಿಯನ್ನೂ, ಅವುಗಳ ಅಂದಾಜು ವೆಚ್ಚವನ್ನೂ ಮಂಡಿಸಬೇಕು. ಸರ್ಕಾರಿ ಶಾಲೆ, ಆಸ್ಪತ್ರೆ, ಸೇತುವೆಗಳ ವಿಷಯದಲ್ಲಿ ಇಲಾಖೆಗಳೂ ಹೀಗೆಯೇ ಮಾಡಬೇಕು. ಉಳಿಕೆ ಹಣವನ್ನು ಮಾತ್ರ ತೋರಿಸಿ ಉಳಿದ ಕೆಲಸವನ್ನು ಮರೆಮಾಚುವ ಲೆಕ್ಕಪತ್ರ ಅಪೂರ್ಣವಾದುದು. ಹಣ ಉಳಿದದ್ದು ಮಿತವ್ಯಯದಿಂದಲೋ, ನಿರ್ಲಕ್ಷ್ಯದಿಂದಲೋ ಎಂದು ಕೇಳುವ ಅವಕಾಶ ಆಗ ಮಾತ್ರ ಸದಸ್ಯರಿಗೂ ನಾಗರಿಕರಿಗೂ ದೊರೆಯುತ್ತದೆ.