ಜಮಾ ಮತ್ತು ಬಾಕಿ

ನಮ್ಮ ಕಡೆ ಹೆಣ್ಣುಮಕ್ಕಳಿಗೆ ತೊಟ್ಟಿಲಲ್ಲೇ ಕಲಿಸುವ ಒಂದು ಮಂತ್ರವಿದೆ: ‘ಇಷ್ಟಾದರೂ ಐತಲ್ಲ, ಸಾಕು ಅನ್ನವ್ವಾ.’ ಗಂಡ ಕುಡಿದರೂ ಹೊಡೆಯುವುದಿಲ್ಲವಲ್ಲ, ಸಾಕು ಅನ್ನು. ಕೂಲಿ ತಡವಾದರೂ ಕೈಗೆ ಬರುತ್ತದಲ್ಲ, ಸಾಕು ಅನ್ನು. ವಾರಕ್ಕೊಮ್ಮೆಯಾದರೂ ನಲ್ಲಿಯಲ್ಲಿ ನೀರು ಬರುತ್ತದಲ್ಲ, ಸಾಕು ಅನ್ನು. ಈಗ ಈ ಹಳೆಯ ಮಂತ್ರಕ್ಕೆ ಹೊಸ ಸೀರೆ ಉಡಿಸಿದ್ದಾರೆ. ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ಸಾಕು, ಉದಯಿಸುವ ಸೂರ್ಯನ ಚಿತ್ರದ ಕೆಳಗೆ ‘ಸಣ್ಣ ಸಣ್ಣ ಸಂಗತಿಗಳಿಗೆ ಕೃತಜ್ಞರಾಗಿರಿ’ ಎಂಬ ಉಪದೇಶ. ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಇದನ್ನು ತಪ್ಪದೆ ಹಾಕುವವರು ಹಾಸಿಗೆಯಲ್ಲೇ ಚಹಾ ಬರುವ ಗಂಡಸರು. ಅದಕ್ಕೆ ಕೈಮುಗಿಯುವವರು ಆ ಚಹಾ ಕಾಸಿದ ಹೆಂಗಸರು.

ನಾನು ಕೃತಜ್ಞತೆಯ ವೈರಿಯಲ್ಲ. ಹಡಗಲಿಯ ಮಗಳು, ಕೊಟ್ಟೂರಿನ ಸೊಸೆ. ಅಕ್ಕನನ್ನು ಕೂಡ್ಲಿಗಿಗೆ, ತಂಗಿಯನ್ನು ಹರಪನಹಳ್ಳಿಗೆ ಕೊಟ್ಟಿದ್ದಾರೆ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುತ್ತ ಅರ್ಧ ಆಯುಷ್ಯ ಕಳೆದಿದ್ದೇನೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಯ ಜೊತೆಗೆ ಸೇರಿದ ಈ ಐದೂ ಊರುಗಳು ಬಿಸಿಲಿನ ಊರುಗಳು. ಇಲ್ಲಿ ಬದುಕುವವರಿಗೆ ಸಣ್ಣ ಸುಖದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ಬೇವಿನ ಮರದ ನೆರಳು, ಸಂಜೆ ಒಂದು ಪೊಟ್ಟಣ ಮಂಡಕ್ಕಿ ಒಗ್ಗರಣೆ ಮತ್ತು ಬಿಸಿ ಮಿರ್ಚಿ, ಕೊಟ್ಟೂರೇಶ್ವರನ ತೇರಿನ ದಿನ ಮನೆ ತುಂಬುವ ನೆಂಟರು, ಅಂಕಸಮುದ್ರದ ಕೆರೆಯ ಕರಿಜಾಲಿ ಮರಗಳ ಮೇಲೆ ಗೂಡು ಕಟ್ಟಿದ ಹಕ್ಕಿಗಳು. 2024ರಲ್ಲಿ ಆ ಕೆರೆಗೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಗೌರವ ಬಂದಾಗ, ನಾವು ಕಂಡು ಖುಷಿಪಟ್ಟದ್ದನ್ನು ಜಗತ್ತೂ ಕಂಡಿತಲ್ಲ ಎಂದು ಹಿಗ್ಗಿದವಳು ನಾನು. ಇವೆಲ್ಲಕ್ಕೂ ನನ್ನ ಮನಸ್ಸು ಋಣಿ.

ನನ್ನ ತಕರಾರು ಎರಡು. ಮೊದಲನೆಯದು, ಈ ಕೃತಜ್ಞತೆಗೆ ವಿಳಾಸವಿಲ್ಲ. ಎರಡನೆಯದು, ಅದನ್ನು ನಮ್ಮ ಬಾಯಿಗೆ ಬೀಗವಾಗಿ ಬಳಸುತ್ತಾರೆ.

ವಿಳಾಸದ ಮಾತಿಗೆ ನನ್ನ ತವರಿನ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಹೂವಿನ ಹಡಗಲಿ ಎಂಬ ಹೆಸರೇ ಆ ಹೂವಿನಿಂದ ಬಂತು. ಹಂಪಿಯ ಅರಸರ ಕಾಲಕ್ಕೆ ಇಲ್ಲಿಂದ ಹೂವು ಹೋಗುತ್ತಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಯ ಹಾಗೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಒಂದು ಮಾರು ಹೂವು ಮುಡಿದು ‘ದೇವರೇ, ಎಂಥ ಪರಿಮಳ ಕೊಟ್ಟಿದ್ದೀ’ ಎನ್ನುತ್ತೇವೆ. ಸರಿ, ದೇವರು ಪರಿಮಳ ಕೊಟ್ಟ. ಮೊಗ್ಗು ಬಿಡಿಸಿದವರು ಯಾರು? ಬಿಸಿಲೇರಿದರೆ ಮೊಗ್ಗು ಬಿರಿಯುತ್ತದೆ, ಬಿರಿದರೆ ಬೆಲೆ ಇಳಿಯುತ್ತದೆ. ಅದಕ್ಕೇ ಆ ಹೆಂಗಸರು ಬೆಳಕು ಹರಿಯುವ ಹೊತ್ತಿಗೆ ಗಿಡದ ಮುಂದೆ ಬಗ್ಗಿರುತ್ತಾರೆ. ಆಮೇಲೆ ಇನ್ನೊಬ್ಬಳು ಮನೆಯ ಹೊಸ್ತಿಲಲ್ಲಿ ಕೂತು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ದಾರದಲ್ಲಿ ಕಟ್ಟುತ್ತಾಳೆ. ಅವಳೇ ಸಂತೆಯಲ್ಲಿ ಎದುರು ಕೂತಾಗ ನಾವು ಏನು ಮಾಡುತ್ತೇವೆ? ಒಂದು ಮೊಳಕ್ಕೆ ಐದು ರೂಪಾಯಿ ಚೌಕಾಸಿ ಮಾಡಿ, ಮೇಲೊಂದು ಗೇಣು ಕೊಸರು ಕೇಳುತ್ತೇವೆ. ದೇವರಿಗೆ ಸಲ್ಲಿಸಿದ ವಂದನೆಗೆ ಖರ್ಚಿಲ್ಲ. ಹೂವಿನವಳಿಗೆ ಸಲ್ಲಿಸಬೇಕಾದ ವಂದನೆಗೆ ಐದು ರೂಪಾಯಿ ಖರ್ಚಿದೆ. ಆಕಾಶಕ್ಕೆ ಕೈಮುಗಿಯುವುದು ಎಷ್ಟು ಅಗ್ಗ ನೋಡಿ!

ನಮ್ಮ ಅಜ್ಜಿಯರ ಭಾಷೆಯಲ್ಲಿ ‘ಧನ್ಯವಾದ’ ಎಂಬ ಪದವಿರಲಿಲ್ಲ. ಒಂದು ಚೊಂಬು ನೀರು ಕೊಟ್ಟವಳಿಗೆ ‘ನಿನ್ನ ಹೊಟ್ಟೆ ತಣ್ಣಗಿರಲಿ ನಮ್ಮವ್ವಾ’ ಎನ್ನುತ್ತಿದ್ದರು. ಎದುರಿಗೆ ನಿಂತ ಮನುಷ್ಯಳ ಹೊಟ್ಟೆಯನ್ನು ನೆನೆದು ಹೇಳುವ ಮಾತು ಅದು. ಹೊಟ್ಟೆ ತಣ್ಣಗಿರಬೇಕಾದರೆ ಅದಕ್ಕೆ ಅನ್ನ ಬೀಳಬೇಕೆಂಬ ತಿಳುವಳಿಕೆ ಆ ಮಾತಿನೊಳಗೇ ಇತ್ತು.

ಇನ್ನು ಬಾಯಿಬೀಗದ ವಿಚಾರ. ನಮ್ಮ ತಾಲೂಕುಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಮಿತಿ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ದೊಡ್ಡವರ ಮೂಳೆ ಬಿರುಸಾಗಿ ಸೊಂಟ, ಮೊಣಕಾಲು ಹಿಡಿಯುತ್ತವೆ. ಕಾಯಿಸಿದರೆ ಇದು ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೆ ಶುದ್ಧೀಕರಿಸುವ ಯಂತ್ರವೇ ಬೇಕು, ಇಲ್ಲವೇ ನದಿಯ ನೀರೇ ಬರಬೇಕು. ನಮ್ಮ ಓಣಿಯ ನಾಲ್ಕು ಜನ ಹೆಂಗಸರು ನೀರಿನ ದೂರು ಹಿಡಿದು ಒಂದು ಕಛೇರಿಗೆ ಹೋದಾಗ, ಮೇಜಿನ ಹಿಂದಿದ್ದ ಮಹನೀಯರು ನಗುತ್ತ ಹೇಳಿದರು: ‘ಹಿಂದೆ ನಿಮ್ಮವ್ವಂದಿರು ಮೈಲಿಗಟ್ಟಲೆ ಹೊತ್ತು ತರ್ತಿದ್ರು. ಈಗ ಮನೆ ಮುಂದೇ ಬರ್ತದಲ್ಲಮ್ಮ, ಅಷ್ಟಕ್ಕಾದ್ರೂ ಸಂತೋಷಪಡ್ರಿ.’ ಸಂತೋಷಪಟ್ಟರೆ ಫ್ಲೋರೈಡ್ ಕರಗುತ್ತದೆಯೇ? ನಮ್ಮವ್ವ ಹೊತ್ತ ಕೊಡವನ್ನು ಈತನ ಸಾಧನೆಯ ಲೆಕ್ಕಕ್ಕೆ ಹಿಡಿದವರು ಯಾರು?

2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಒಳ್ಳೆಯದೇ ಆಯಿತು. ತವರಿಗೆ ಹೋಗಲು ಗಂಡನ ಜೇಬು ನೋಡಬೇಕಾದ ಪಾಡು ತಪ್ಪಿತು. ಆದರೆ ಬಸ್ಸು ತುಂಬಿ, ಮುದುಕಿಯೊಬ್ಬಳು ಮೆಟ್ಟಿಲ ಮೇಲೆ ಜೋತು ಬಿದ್ದು ‘ಇನ್ನೊಂದು ಬಸ್ಸು ಬಿಡಬಾರದೇನಪ್ಪಾ’ ಎಂದರೆ, ಹಿಂದಿನ ಸೀಟಿನಿಂದ ದನಿ ಬರುತ್ತದೆ: ‘ಪುಕ್ಕಟೆ ಬಂದೀಯಲ್ಲ, ಸುಮ್ನೆ ನಿಂದ್ರಬೇ.’ ಸೋಪಿಗೆ, ಪೇಸ್ಟಿಗೆ, ಅಡುಗೆ ಎಣ್ಣೆಗೆ ಆಕೆಯೂ ತೆರಿಗೆ ಕೊಟ್ಟಿದ್ದಾಳೆಂಬುದು ಆ ದನಿಗೆ ನೆನಪಿರುವುದಿಲ್ಲ. ಆಕೆ ಉಪಕಾರ ನೆನೆಯಬೇಕಾದದ್ದು, ಓಡಿಬರುತ್ತಿದ್ದವಳನ್ನು ಕಂಡು ಸೀಟಿ ಊದಿ ಬಸ್ಸು ನಿಲ್ಲಿಸಿದ ಕಂಡಕ್ಟರನನ್ನು. ಇನ್ನೊಂದು ಬಸ್ಸು ಕೇಳುವ ಹಕ್ಕನ್ನು ಆ ಉಪಕಾರಕ್ಕೆ ಅಡ ಇಡಬೇಕಾಗಿಲ್ಲ.

ಇದೇ ಮಂತ್ರ ಅತಿ ಕ್ರೂರವಾಗಿ ದುಡಿದದ್ದು ಎಲ್ಲಿ ಎಂದು ಕೇಳಿದರೆ ನಾನು ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದ ಕಡೆಗೆ ಕೈ ತೋರುತ್ತೇನೆ. ಬಡವರ ಮನೆಯ, ದಲಿತರ ಕೇರಿಯ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿ ‘ದೇವಿ ನಿನ್ನನ್ನು ಆರಿಸಿಕೊಂಡಾಳೆ, ನಿನ್ನ ಪುಣ್ಯ’ ಎಂದು ಹೇಳಲಾಗುತ್ತಿತ್ತು. ಆ ಪುಣ್ಯದ ಫಲವನ್ನು ಉಂಡವರು ಊರಿನ ಉಳ್ಳವರು. 1982ರಲ್ಲಿ ಈ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಬಂತು. ದೇವದಾಸಿ ತಾಯಂದಿರೂ ಅವರ ಮಕ್ಕಳೂ ಸಂಘಟಿತರಾಗಿ ಪಿಂಚಣಿ, ನಿವೇಶನ, ಮಕ್ಕಳ ಓದು ಎಂದು ಒಂದೊಂದಕ್ಕೂ ಧರಣಿ ಕೂತರು. ‘ಇಷ್ಟಾದರೂ ಸಿಕ್ಕಿತಲ್ಲ’ ಎಂದು ಅವರು ಮನೆಯಲ್ಲೇ ಉಳಿದಿದ್ದರೆ ಯಾವುದೂ ಸಿಗುತ್ತಿರಲಿಲ್ಲ.

ಓದಿಕೊಂಡ ಗೆಳತಿಯೊಬ್ಬಳು ನನ್ನೊಡನೆ ವಾದಕ್ಕೆ ನಿಂತಳು. ‘ವಿಜ್ಞಾನವೇ ಹೇಳಿದೆ ಕಣೇ’ ಎಂದಳು. ಹೌದು, ಹೇಳಿದೆ. 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲ್ಲೋ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಲ್ಲಿ ಒಂದು ಗುಂಪು ಹತ್ತು ವಾರ, ವಾರಕ್ಕೊಮ್ಮೆ, ಋಣಿಯಾಗಿರುವ ಸಂಗತಿಗಳನ್ನು ಐದರವರೆಗೆ ಬರೆಯಿತು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಮೊದಲಿನವರಿಗೆ ಬದುಕು ಹೆಚ್ಚು ಹಿತವೆನಿಸಿತು. ನಾನು ನಂಬುತ್ತೇನೆ. ಆದರೆ ಆ ವಿದ್ಯಾರ್ಥಿಗಳು ಯಾವುದಕ್ಕೆ ಋಣಿಯೆಂಬುದನ್ನು ತಾವೇ ಆರಿಸಿಕೊಂಡಿದ್ದರು. ಮೇಜಿನ ಹಿಂದಿನ ಮಹನೀಯರು ಆರಿಸಿಕೊಟ್ಟಿರಲಿಲ್ಲ. ಬರೆದ ಮೇಲೆ ಬಾಯಿ ಮುಚ್ಚಿಕೊಂಡಿರಿ ಎಂದೂ ಯಾರೂ ಅವರಿಗೆ ಹೇಳಿರಲಿಲ್ಲ. ಇನ್ನು ಕಿರಿಕಿರಿಯನ್ನು ಹಾಳೆಯ ಮೇಲೆ ಬರೆದು ಸುಮ್ಮನಾದರೆ ಮನಸ್ಸು ಕಹಿಯಾಗುವುದು ಸಹಜ. ಅದನ್ನೇ ಅರ್ಜಿಯಾಗಿ ಬರೆದು, ನಾಲ್ಕು ಜನ ಸಹಿ ಹಾಕಿ, ಒಟ್ಟಿಗೆ ಹೋಗಿ ಕೊಟ್ಟು ಬಂದ ದಿನ ನನಗಂತೂ ರೊಟ್ಟಿ ರುಚಿಯಾಗಿಯೇ ಇತ್ತು.

ನಮ್ಮ ಪೇಟೆಯ ಶೇಂಗಾ ವ್ಯಾಪಾರಿಗಳ ಖಾತೆಪುಸ್ತಕದಲ್ಲಿ ಎರಡು ಅಂಕಣ ಇರುತ್ತವೆ, ಜಮಾ ಮತ್ತು ಬಾಕಿ. ಜಮಾ ಬರೆದುಕೊಂಡ ಮಾತ್ರಕ್ಕೆ ಯಾವ ಸಾಹುಕಾರನೂ ಬಾಕಿ ಬಿಟ್ಟದ್ದನ್ನು ನಾನು ಕೇಳಿಲ್ಲ. ಅವನನ್ನು ಯಾರೂ ಕೃತಘ್ನ ಎನ್ನುವುದಿಲ್ಲ, ಲೆಕ್ಕಸ್ಥ ಎನ್ನುತ್ತಾರೆ. ಹೆಂಗಸು ಬಾಕಿ ಕೇಳಿದಾಗ ಮಾತ್ರ ಅವಳಿಗೆ ತೃಪ್ತಿಯಿಲ್ಲ, ಅವಳು ಗಂಟಲು ದೊಡ್ಡವಳು.

ಆದ್ದರಿಂದ ಅಕ್ಕತಂಗಿಯರೇ, ಸಣ್ಣ ಸಂಗತಿಗಳನ್ನು ಎಣಿಸೋಣ, ಧಾರಾಳವಾಗಿ ಎಣಿಸೋಣ. ಎಣಿಸುವಾಗ ಹೆಸರು ಹಿಡಿದು ಎಣಿಸೋಣ. ಹೂವು ಕಟ್ಟಿದವಳಿಗೆ ಅವಳು ಹೇಳಿದ ಬೆಲೆ ಕೊಡೋಣ. ಕಸ ಒಯ್ಯುವವಳನ್ನು ಹೆಸರು ಹಿಡಿದು ಕರೆದು, ಬಿಸಿ ಚಹಾವನ್ನು ನಾವು ಕುಡಿಯುವ ಲೋಟದಲ್ಲೇ ಕೊಡೋಣ. ನಮ್ಮ ಮನೆಯ ಗಂಡಸರೂ ಮಕ್ಕಳೂ ತಟ್ಟೆಗೆ ಬಿದ್ದ ರೊಟ್ಟಿ ಯಾರ ಕೈಯದೆಂದು ಬಾಯಿಬಿಟ್ಟು ಹೇಳುವುದನ್ನು ಕಲಿಸೋಣ. ಪಕ್ಕದ ಅಂಕಣದಲ್ಲಿ ಬಾಕಿಯನ್ನೂ ಅಷ್ಟೇ ನಿಷ್ಠೆಯಿಂದ ಬರೆಯೋಣ, ಯಾರಿಂದ ಬರಬೇಕು, ಎಷ್ಟು ಬರಬೇಕು, ಎಂದಿನಿಂದ ಬರಬೇಕು ಎಂದು. ನೀರಿನ ಬಾಕಿ ನಮ್ಮ ಓಣಿಗೆ ಇನ್ನೂ ಸಂದಿಲ್ಲ. ಬರುವ ಸೋಮವಾರ ಮತ್ತೆ ಹೋಗುವವರಿದ್ದೇವೆ. ಈ ಸಲ ಹನ್ನೊಂದು ಜನ.