‘ಕಿ’ ಪ್ರತ್ಯಯ ಮತ್ತು ಕೇಳುಗರ ಕಿವಿ

ಅಮೆರಿಕದ ಬಾನುಲಿ ಮತ್ತು ಟೆಲಿವಿಷನ್ ರಂಗದಲ್ಲಿ ದುಡಿಯುವ ಮಹಿಳೆಯರಿಗೆ 1975ರಿಂದ ನೀಡುತ್ತ ಬಂದಿರುವ ಗ್ರೇಸಿ ಪ್ರಶಸ್ತಿಯ ಸಮಾರಂಭ ಈಚಿನ ವರ್ಷಗಳಲ್ಲಿ ಬೆವರ್ಲಿ ಹಿಲ್ಸ್‌ನ ಹೋಟೆಲೊಂದರಲ್ಲಿ ನಡೆಯುತ್ತಿದ್ದು, ಅದರ ಸುದ್ದಿಯನ್ನು ಕನ್ನಡಕ್ಕೆ ತರುವವರಿಗೆ ಎದುರಾಗುವ ಮೊದಲ ತೊಡಕು ‘ಆ್ಯಂಕರ್’ ಎಂಬ ಪದದ್ದು. ಗಂಡು ಹೆಣ್ಣೆಂಬ ಗುರುತಿಲ್ಲದ ಆ ಪದ ಕನ್ನಡಕ್ಕೆ ಬಂದೊಡನೆ ‘ನಿರೂಪಕಿ’ ಆಗಿಬಿಡುತ್ತದೆ.

ಕೆಲಸ ಮಾಡುವವರನ್ನು ಸೂಚಿಸುವ ‘ಅಕ’ಅಂತ್ಯದ ಪದಗಳು ಸಂಸ್ಕೃತದ ಸ್ತ್ರೀಲಿಂಗದಲ್ಲಿ ಸಾಮಾನ್ಯವಾಗಿ ‘ಇಕಾ’ ರೂಪ ತಾಳುತ್ತವೆ. ನಾಯಕನಿಗೆ ನಾಯಿಕಾ, ಲೇಖಕನಿಗೆ ಲೇಖಿಕಾ. ಕನ್ನಡವು ಆ ನಿಯಮವನ್ನು ಬದಿಗಿಟ್ಟು ನಾಯಕಿ, ಲೇಖಕಿ ಎಂದು ತನ್ನದೇ ಹಾದಿ ಹಿಡಿದಿದೆ. ದೇಸಿ ಪದಗಳಲ್ಲಂತೂ ಪ್ರತ್ಯಯಗಳ ಸುಗ್ಗಿಯೇ ಇದೆ: ಒಕ್ಕಲಗಿತ್ತಿ, ಹೂವಾಡಗಿತ್ತಿ, ಹಾಡುಗಾರ್ತಿ. ‘ಸೂಲಗಿತ್ತಿ’ಗಾದರೋ ಜೊತೆಗೊಂದು ಗಂಡು ರೂಪ ಬಳಕೆಯಲ್ಲೇ ಇಲ್ಲ. ‘ಮಾತುಗಾರ್ತಿ’ಯಂಥ ಹದವಾದ ಪದ ಕೈಗೆಟಕುವಂತಿರುವಾಗ ‘ಉದ್ಘೋಷಕಿ’ ಎಂಬ ಗಂಟಲು ಕೆರೆಯುವ ಪದವನ್ನು ತಂದು ಮೈಕಿನ ಮುಂದೆ ಕೂರಿಸಿದವರ ಅಭಿರುಚಿಯನ್ನು ಮೆಚ್ಚುವುದು ಕಷ್ಟ.

ಆದರೆ ಆಕಾಶವಾಣಿಯ ‘ವಾರ್ತೆಗಳು, ಓದುತ್ತಿರುವವರು’ ಎಂಬ ಹಳೆಯ ಒಕ್ಕಣೆಯನ್ನು ಗಮನಿಸಿದರೆ ಈ ಪ್ರತ್ಯಯದ ಜಗಳವೆಲ್ಲ ದಾರಿ ತಪ್ಪಿದ್ದೆಂದು ತೋರುತ್ತದೆ. ‘ಓದುತ್ತಿರುವವರು’ ಎಂಬ ಗೌರವವಾಚಕ ಬಹುವಚನದಲ್ಲಿ ಲಿಂಗದ ಸುಳಿವೇ ಇಲ್ಲ. ಹೆಸರು ಬರುವ ಮೊದಲೇ ಓದುವವರು ಯಾರೆಂದು ಕೇಳುಗರಿಗೆ ತಿಳಿಸುತ್ತಿದ್ದುದು ದನಿ. ಹಾಗಾಗಿ ಕೇಳಬೇಕಾದ ಪ್ರಶ್ನೆ ಪದದ ತುದಿಯದಲ್ಲ, ಕಿವಿಯದು.

ಪ್ರಶಸ್ತಿಗೆ ಹೆಸರಾದ ಗ್ರೇಸಿ ಆಲೆನ್ ಅವರ ವೃತ್ತಿಜೀವನ ತಿರುಗಿದ್ದೂ ಕಿವಿಯಿಂದಲೇ. 1920ರ ದಶಕದ ಆರಂಭದಲ್ಲಿ, ಹಾಡು, ಕುಣಿತ, ಹಾಸ್ಯದ ತುಣುಕುಗಳನ್ನು ಒಂದರ ಹಿಂದೊಂದು ಆಡುವ ವಾಡೆವಿಲ್ ರಂಗದ ಮೇಲೆ, ಮುಂದೆ ಅವರ ಪತಿಯಾದ ಜಾರ್ಜ್ ಬರ್ನ್ಸ್ ನಗೆಮಾತುಗಳನ್ನೆಲ್ಲ ತಮ್ಮ ಪಾಲಿಗೆ ಬರೆದುಕೊಂಡು, ಬರೀ ಪ್ರಶ್ನೆ ಕೇಳುವ ಕೆಲಸವನ್ನು ಗ್ರೇಸಿಗೆ ಬಿಟ್ಟಿದ್ದರು. ಜನ ಪ್ರಶ್ನೆಗೆ ನಕ್ಕರು, ಉತ್ತರಕ್ಕೆ ಸುಮ್ಮನಿದ್ದರು. ಬರ್ನ್ಸ್ ಮಾತುಗಳನ್ನು ಅದಲುಬದಲು ಮಾಡಿದರು. ಪೆದ್ದಿಯಂತೆ ಮಾತಾಡುವ, ಆದರೆ ತನ್ನ ತರ್ಕದೊಳಗೆ ಎಲ್ಲೂ ಸೋಲದ ಆ ಪಾತ್ರ 1940ರಲ್ಲಿ ಕಾಂಗರೂ ಚಿಹ್ನೆಯ ‘ಸರ್‌ಪ್ರೈಸ್ ಪಾರ್ಟಿ’ ಕಟ್ಟಿ ಅಧ್ಯಕ್ಷ ಸ್ಥಾನದ ಅಣಕು ಪ್ರಚಾರಕ್ಕೂ ಇಳಿಯಿತು.

ನಗಿಸುವ ಹೆಣ್ಣಿಗೆ ಒಲಿದ ಕಿವಿ ಸುದ್ದಿ ಹೇಳುವ ಹೆಣ್ಣಿಗೆ ಒಲಿಯಲಿಲ್ಲ. 1933ರಲ್ಲಿ ಬ್ರಿಟನ್ನಿನ ಬಿಬಿಸಿ ಶೀಲಾ ಬಾರೆಟ್ ಅವರನ್ನು ಉದ್ಘೋಷಣೆಗೆ ನೇಮಿಸಿ, ಕೇಳುಗರ ದೂರಿನ ಪತ್ರಗಳು ಬಂದು ಬೀಳತೊಡಗಿದ್ದರಿಂದ ಕೆಲವೇ ತಿಂಗಳಲ್ಲಿ ಹಿಂದೆಗೆಯಿತು. ಪತ್ರ ಬರೆದವರಲ್ಲಿ ಮಹಿಳೆಯರೂ ಬಹಳ ಮಂದಿ ಇದ್ದರು. ಯಂತ್ರದ ಕಿವಿಯೂ ನಿಷ್ಪಕ್ಷಪಾತಿಯಾಗಿರಲಿಲ್ಲ. ಅಮೆರಿಕದಲ್ಲಿ ಮಧ್ಯಮ ತರಂಗದ ನಿಲಯಗಳಿಗೆ 10 ಕಿಲೋಹರ್ಟ್ಸ್ ಅಂತರದಲ್ಲಿ ಜಾಗ ಹಂಚಿದ್ದರಿಂದ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದಿಗೆ ಎಡೆ ಕಡಿಮೆಯಾಯಿತು. ‘ಸ’ಕಾರದ ಕಸುವು ಬಹುಪಾಲು ಅಲ್ಲಿಂದ ಮೇಲೆಯೇ ಇರುತ್ತದೆ, ಹೆಣ್ಣಿನ ದನಿಯಲ್ಲಿ ಇನ್ನಷ್ಟು ಮೇಲೆ. ಕತ್ತರಿಸಿ ಕಳಿಸಿದ ದನಿಯನ್ನು ಕೇಳಿ, ಹೆಂಗಸರ ಮಾತು ಸ್ಪಷ್ಟವಿಲ್ಲವೆಂದು ಗೊಣಗುವುದು ಸುಲಭವಾಯಿತು.

1958ರಲ್ಲಿ ಗ್ರೇಸಿ ನಿವೃತ್ತರಾದರು. ಇಬ್ಬರೂ ಸೇರಿ ದುಡಿದಿದ್ದ ಬಹುತೇಕ ಅದೇ ಬಳಗವನ್ನು ಕಟ್ಟಿಕೊಂಡು ಬರ್ನ್ಸ್ ತಮ್ಮೊಬ್ಬರ ಹೆಸರಿನಲ್ಲಿ ಆರಂಭಿಸಿದ ಟೆಲಿವಿಷನ್ ಕಾರ್ಯಕ್ರಮ ವರ್ಷ ತುಂಬುವುದರೊಳಗೆ ನಿಂತುಹೋಯಿತು.